ನಾಲ್ಕು ಟೈರು, ಒಂದು ಗುಂಡಿ: ಹಳೆಯ ಡಸ್ಟರ್ ಎಡಬ್ಲ್ಯೂಡಿ ಜೊತೆ ನಾಲ್ಕೂವರೆ ವರ್ಷ

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡಲು ಹೋದವರೆಲ್ಲ ಮೊದಲು ಬಾನೆಟ್ ಎತ್ತಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಯಾರಾದರೂ ಜೊತೆಗೆ ಕರೆದರೆ ಸೀದಾ ಹೋಗಿ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತೇನೆ. ಒಂದರ ಪಕ್ಕ ಅಲ್ಲ, ನಾಲ್ಕರ ಪಕ್ಕವೂ. ಟೈರಿನ ಬದಿಯಲ್ಲಿ ಸಾಲಾಗಿ ಒತ್ತಿದ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 0917 ಅಂದರೆ 2017ರ ಒಂಬತ್ತನೇ ವಾರ ತಯಾರಾದದ್ದು. ಕೆಲವು ಸಲ ಅದು ಒಳಬದಿಗೆ ಇರುತ್ತದೆ. ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಬೇಕು. ಇಷ್ಟು ಕಲಿಯಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ನನ್ನ ಗಾಡಿ 2015ರ ರೆನೋ ಡಸ್ಟರ್ ಡೀಸೆಲ್, 110 ಪಿಎಸ್, ನಾಲ್ಕೂ ಚಕ್ರ ಎಳೆಯುವ ಎಡಬ್ಲ್ಯೂಡಿ. 2020ರ ಡಿಸೆಂಬರಿನಲ್ಲಿ ತಗೊಂಡಾಗ 78,000 ಕಿ.ಮೀ. ಓಡಿತ್ತು. ಈಗ 1,36,000. ಫೀಚರ್ ಪಟ್ಟಿ ನೀವೆಲ್ಲ ನೋಡಿರುತ್ತೀರಿ, ಅದನ್ನು ಬಿಡೋಣ.

ನನಗೆ ಇಂಥ ಗಾಡಿ ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ನನ್ನ ಕೆಲಸ ಹಾಸನದಲ್ಲಿ. ಮನೆ ಸಕಲೇಶಪುರ ದಾಟಿ ಹಾನುಬಾಳು ಕಡೆ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ಅಮ್ಮ ಅಲ್ಲೇ ಇದ್ದಾರೆ. ಟಾರು ಮುಗಿದ ಮೇಲೆ 1.8 ಕಿ.ಮೀ. ಮಣ್ಣುದಾರಿ. ಕೊನೆಗೆ ಒಂದು ಏರು, ಒಂದು ಕಡೆ ದರೆ, ಇನ್ನೊಂದು ಕಡೆ ಕೆಳಗೆ ಗದ್ದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಳೆಯ ಸಣ್ಣ ಕಾರನ್ನು ಟಾರು ರಸ್ತೆಯ ಅಂಗಡಿ ಮುಂದೆ ನಿಲ್ಲಿಸಿ ಎಲ್ಲವನ್ನೂ ಹೊತ್ತುಕೊಂಡು ನಡೆಯುತ್ತಿದ್ದೆವು. 2019ರ ಆಗಸ್ಟ್ ಮಳೆ ನೆನಪಿದೆ ಅಲ್ವಾ? ಆ ವಾರ ಒಂದು ರಾತ್ರಿ ಅಮ್ಮನಿಗೆ ಜ್ವರ ಏರಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ಟಾರು ರಸ್ತೆಗೆ ತಂದೆವು. ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೇ ನಿರ್ಧಾರ ಮಾಡಿದೆ, ಮನೆ ಬಾಗಿಲಿಗೆ ಹತ್ತುವ ಗಾಡಿ ಬೇಕು ಅಂತ.

ಬಜೆಟ್ ರಿಪೇರಿ ಸೇರಿಸಿ 6 ಲಕ್ಷ. ಫಾರ್ಚೂನರ್ ಅಲ್ಲಿಗೇ ಹೊರಗೆ ಹೋಯಿತು. ಉಳಿದದ್ದು ಸ್ಕಾರ್ಪಿಯೋ ಫೋರ್ ಬೈ ಫೋರ್, ಸಫಾರಿ ಸ್ಟಾರ್ಮ್ ಫೋರ್ ಬೈ ಫೋರ್, ಜಿಪ್ಸಿ, ಡಸ್ಟರ್. ಮೊದಲ ಮೂರಕ್ಕೂ ಲೋ ರೇಂಜ್ ಇದೆ, ಅಂದರೆ ವೇಗ ತಗ್ಗಿಸಿ ಬಲ ಹೆಚ್ಚಿಸುವ ಇನ್ನೊಂದು ಗೇರು ಜೋಡಣೆ. ಮೈಕಟ್ಟು ಗಟ್ಟಿ. ಕಲ್ಲುಬಂಡೆ ಹತ್ತಿಸುವವರಿಗೆ, ಟ್ರೇಲರ್ ಎಳೆಸುವವರಿಗೆ ಅವೇ ಸರಿ. ಆದರೆ ಅವುಗಳಲ್ಲಿ ಮುಂದಿನ ಚಕ್ರಕ್ಕೆ ಎಳೆತ ಬೇಕು ಅಂದಾಗ ನಾವೇ ಜೋಡಿಸಬೇಕು. ಜೋಡಿಸಿದ ಮೇಲೆ ಚಕ್ರಗಳಿಗೆ ಎಳೆತ ಒಯ್ಯುವ ಮುಂದಿನ, ಹಿಂದಿನ ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಮಣ್ಣಿನಲ್ಲಾದರೆ ಚಕ್ರ ಒಂಚೂರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರಲು ಜಾಗವೇ ಇಲ್ಲ, ಗೇರು, ಶಾಫ್ಟು ಎಲ್ಲ ಬಿಗಿದುಕೊಳ್ಳುತ್ತವೆ. ಹಾಗಾಗಿ ಅದನ್ನು ಟಾರಿನ ಮೇಲೆ ಬಳಸುವ ಹಾಗಿಲ್ಲ.

ನನ್ನ ಓಡಾಟದಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಟಾರು. ಅದೂ ಅರ್ಧ ಒದ್ದೆ, ಅರ್ಧ ಒಣ, ನಡುವೆ ಕೊಚ್ಚಿ ಬಂದ ಮಣ್ಣು. ಡಸ್ಟರ್ ಎಡಬ್ಲ್ಯೂಡಿಯಲ್ಲಿ ಮಾಮೂಲಿ ಹೊತ್ತಿನಲ್ಲಿ ಮುಂದಿನ ಚಕ್ರ ಎಳೆಯುತ್ತದೆ. ಹಿಂದಿನ ಎರಡು ಚಕ್ರಕ್ಕೆ ಎಳೆತ ಹಂಚುವ ಡಿಫರೆನ್ಷಿಯಲ್ ಮುಂದೆ ವಿದ್ಯುತ್ತಿನಿಂದ ಹಿಡಿಯುವ ಒಂದು ಕಪ್ಲಿಂಗ್ ಇದೆ. ಮುಂದಿನ ಚಕ್ರ ಜಾರಿದರೆ ಅದೇ ಹಿಂದಕ್ಕೂ ಎಳೆತ ಕಳಿಸುತ್ತದೆ. ಲೋ ರೇಂಜ್ ಇಲ್ಲ, ಅದರ ಬದಲು ಒಂದನೇ ಗೇರನ್ನೇ ತುಂಬಾ ಚಿಕ್ಕದು ಮಾಡಿದ್ದಾರೆ, ಅಂದರೆ ವೇಗ ಕಡಿಮೆ, ಬಲ ಜಾಸ್ತಿ. ಸಮತಟ್ಟಿನಲ್ಲಿ ನಾನು ಎರಡನೇ ಗೇರಿನಲ್ಲೇ ಹೊರಡುತ್ತೇನೆ.

ಇನ್ನು ಮಾಡೆಲ್ ವರ್ಷ. ಡಸ್ಟರ್ ಇಲ್ಲಿಗೆ ಬಂದದ್ದು 2012ರಲ್ಲಿ. ಎಡಬ್ಲ್ಯೂಡಿ ಬಂದದ್ದು ಮಾತ್ರ 2014ರ ಕೊನೆಯ ಹೊತ್ತಿಗೆ. ಇದು ಗೊತ್ತಿರಲಿ, ಯಾಕೆಂದರೆ ನಾನು ಹುಡುಕುವಾಗ ಒಬ್ಬರು "2013 ಎಡಬ್ಲ್ಯೂಡಿ" ಅಂತ ಫೋಟೋ ಕಳಿಸಿದ್ದರು. ಹಿಂದೆ ಸ್ಟಿಕ್ಕರ್ ಕೂಡ ಇತ್ತು. ಹೋಗಿ ಡಿಕ್ಕಿ ತೆಗೆದೆ. ಎಡಬ್ಲ್ಯೂಡಿಯಲ್ಲಿ ಸ್ಟೆಪ್ನಿ ಡಿಕ್ಕಿಯ ಒಳಗೆ ನೆಲದಡಿ ಇರುತ್ತದೆ. ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಡಸ್ಟರಿನಲ್ಲಿ ಗಾಡಿಯ ಕೆಳಗೆ ನೇತಾಡುತ್ತದೆ. ಅದರಲ್ಲಿ ನೇತಾಡುತ್ತಿತ್ತು. ಬಗ್ಗಿ ನೋಡಿದರೆ ಹಿಂದಕ್ಕೆ ಹೋಗುವ ಶಾಫ್ಟೂ ಇಲ್ಲ. ಮಾತಾಡದೆ ವಾಪಸ್ ಬಂದೆ. 2016ರಲ್ಲಿ ಮುಖ ಬದಲಾಯಿತು, ಕ್ಲಚ್ ಒತ್ತುವ ಕೆಲಸವಿಲ್ಲದೆ ತಾನೇ ಗೇರು ಬದಲಿಸುವ ಎಎಂಟಿ ಬಂತು. ಆದರೆ ಎಎಂಟಿ ಎರಡು ಚಕ್ರದ್ದಕ್ಕೆ ಮಾತ್ರ. 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ನಿಯಮ ಬಿಎಸ್ 6 ಕಡ್ಡಾಯವಾದಾಗ ಡೀಸೆಲ್ ನಿಂತಿತು, ಅದರ ಜೊತೆ ಎಡಬ್ಲ್ಯೂಡಿಯೂ ಹೋಯಿತು. ಅಂದರೆ ಹುಡುಕಬೇಕಾದ್ದು 2014ರ ಕೊನೆಯಿಂದ 2020ರ ಶುರುವಿನ ತನಕದ ಮ್ಯಾನುವಲ್ ಡೀಸೆಲ್. ದುಡ್ಡು ಜಾಸ್ತಿ ಇದ್ದರೆ 2019ರ ಜುಲೈ ನಂತರದ್ದನ್ನೇ ನೋಡಿ. ಆಗಿನಿಂದ ಡ್ರೈವರ್ ಏರ್‌ಬ್ಯಾಗ್, ರಿವರ್ಸ್ ಸೆನ್ಸರ್ ಎಲ್ಲ ಗಾಡಿಗಳಿಗೂ ಕಡ್ಡಾಯ.

ವರ್ಷ ನೋಡುವಾಗ ಆರ್‌ಸಿಯಲ್ಲಿ ನೋಂದಣಿ ದಿನಾಂಕದ ಜೊತೆ ತಯಾರಾದ ತಿಂಗಳನ್ನೂ ನೋಡಿ. ಡಿಸೆಂಬರಿನಲ್ಲಿ ತಯಾರಾಗಿ ಮಾರ್ಚಿನಲ್ಲಿ ನೋಂದಣಿಯಾದ ಗಾಡಿಗೆ ಹೊಸ ವರ್ಷದ ಬೆಲೆ ಕೇಳುತ್ತಾರೆ. ಆಗ ದೆಹಲಿಯ ಗಾಡಿಗಳು ಅಗ್ಗವಾಗಿದ್ದವು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸಲು ನಿರ್ಬಂಧ ಇದ್ದದ್ದರಿಂದ ಮೊದಲೇ ಮಾರಿಬಿಡುತ್ತಿದ್ದರು. ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ಲೈಫ್ ಟ್ಯಾಕ್ಸ್, ಓಡಾಟದ ಖರ್ಚು ಕೂಡಿಸಿ ನೋಡಿದೆ. ಉಳಿಯುವ ದುಡ್ಡು ಅಷ್ಟು ತಲೆನೋವಿಗೆ ಸಾಲದು ಅನ್ನಿಸಿತು. ಕೆಎ ನಂಬರಿನದನ್ನೇ ಒಬ್ಬ ಡೀಲರ್ ಹತ್ತಿರ 5.40 ಲಕ್ಷಕ್ಕೆ ತಗೊಂಡೆ. "ಮುಂದೆ ಎರಡು ಹೊಸ ಟೈರು ಹಾಕಿಸಿಕೊಟ್ಟಿದ್ದೀವಿ ಸರ್" ಅಂದರು. ನನಗೆ ಖುಷಿಯೇ ಆಗಿತ್ತು.

ಜುಲೈ ಕೊನೆ. ಪುಷ್ಯ ಮಳೆ. ಅಮ್ಮ ಹಿಂದಿನ ಸೀಟಿನಲ್ಲಿ, ಡಿಕ್ಕಿಯಲ್ಲಿ ತಿಂಗಳ ಸಾಮಾನು. ಏರಿನ ಅರ್ಧಕ್ಕೆ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಫೋರ್ ವೀಲ್ ದೀಪ ಮಿನುಗತೊಡಗಿತು. ಮರುಕ್ಷಣ ಹಿಂದಿನ ಚಕ್ರದ ಎಳೆತ ನಿಂತೇ ಹೋಯಿತು. ಮುಂದಿನ ಚಕ್ರ ಸುಮ್ನೆ ಕೆಸರು ಎರಚುತ್ತಾ ತಿರುಗಿತು. ಗಾಡಿ ಗದ್ದೆ ಕಡೆಗೆ ಒಂದು ಅಡಿ ಜಾರಿತು. ಆ ಒಂದು ಅಡಿ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಕೂತಿದೆ. ಅಮ್ಮನನ್ನು ದರೆ ಕಡೆಯ ಬಾಗಿಲಿನಿಂದ ಇಳಿಸಿ, ಕಲ್ಲು ಕೊಟ್ಟು, ಇಂಚು ಇಂಚಾಗಿ ಕೆಳಗೆ ಬಿಟ್ಟೆ. ಅವತ್ತು ಮತ್ತೆ ನಡೆದೇ ಮನೆಗೆ ಹೋದೆವು.

ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ನೋಡಿ, ಕಪ್ಲಿಂಗ್ ಹೋಗಿದೆ, ಬದಲಿಸಬೇಕು, ಲಕ್ಷದ ಮೇಲಾಗುತ್ತದೆ ಅಂದರು. ಮೂರು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಹಾಸನದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಚಿಕ್ಕ ಶೆಡ್ಡು, ಒಬ್ಬರೇ ಕೆಲಸ. ಅವರು ಸ್ಕ್ಯಾನರ್ ಹಾಕುವ ಮೊದಲು ಮುಂದಿನ ಟೈರಿನ ಮೈಮೇಲಿನ ಸಂದಿಗೆ, ಆಮೇಲೆ ಹಿಂದಿನದರ ಸಂದಿಗೆ ಹೆಬ್ಬೆರಳಿನ ಉಗುರು ಇಳಿಸಿದರು. ಮುಂದೆ ಉಗುರು ಪೂರ್ತಿ ಮುಳುಗಿತು. ಹಿಂದೆ ತುದಿ ಮಾತ್ರ. ಆಮೇಲೆ ಅಂಕಿ ತೋರಿಸಿದರು. ಮುಂದೆ 4020, ಹಿಂದೆ 0917. ಕಂಪನಿಯೂ ಬೇರೆ.

ಸೈಜು ಮಾತ್ರ ಎಲ್ಲದರಲ್ಲೂ ಒಂದೇ, 215/65 ಆರ್ 16. ಆದರೆ ಹೊಸ ಟೈರಿನ ಮೈಮೇಲೆ ಸುಮಾರು 8 ಮಿ.ಮೀ. ಎತ್ತರದ ಗುಬುಟು, ಹಿಂದಿನದಕ್ಕೆ 2. ಅಂದರೆ ಚಕ್ರದ ಅಡ್ಡಳತೆಯಲ್ಲಿ 12 ಮಿ.ಮೀ. ಕಡಿಮೆ. ಲೆಕ್ಕ ಹಾಕಿದರೆ ಹಿಂದಿನ ಚಕ್ರ ಪ್ರತಿ ಕಿಲೋಮೀಟರಿಗೆ 8 ಸುತ್ತು ಜಾಸ್ತಿ ತಿರುಗುತ್ತಿತ್ತು. ಕಂಪ್ಯೂಟರಿಗೆ ಇದು ಚಕ್ರ ಜಾರಿದ ಹಾಗೇ ಕಾಣುತ್ತದೆ. ಕಪ್ಲಿಂಗ್ ಸುಮ್ಮನೆ ಉಜ್ಜಿ ಬಿಸಿಯಾಗುತ್ತದೆ. ಕೊನೆಗೆ ತನ್ನನ್ನು ಕಾಪಾಡಿಕೊಳ್ಳಲು ಎಳೆತ ಬಿಟ್ಟುಬಿಡುತ್ತದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲೇ ಬರೆದಿದೆ, ನಾಲ್ಕೂ ಟೈರು ಒಂದೇ ಕಂಪನಿ, ಒಂದೇ ಅಳತೆ, ಒಂದೇ ಸವೆತ ಇರಬೇಕು ಅಂತ. ಗಾಡಿ ಮಾರುವುದೇ ಕಸುಬಾದವರಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿದ್ದೂ ಎರಡೇ ಟೈರು ಹಾಕಿದರೋ, ಗೊತ್ತಿಲ್ಲದೆಯೋ, ಕೇಳಿದಾಗ ಅವರು ಸರಿಯಾಗಿ ಉತ್ತರ ಕೊಡಲಿಲ್ಲ. ಅಮ್ಮ ಇದ್ದ ಗಾಡಿ ಜಾರಿದ್ದನ್ನು ನಾನು ಮರೆಯುವುದಿಲ್ಲ.

ನಾಲ್ಕು ಟೈರು 31,000 ರೂಪಾಯಿ. ಹಿಂದಿನ ಡಿಫರೆನ್ಷಿಯಲ್ ಎಣ್ಣೆಯನ್ನೂ ಬದಲಿಸಿದರು. ಕಪ್ಲಿಂಗ್ ಅದೇ. ಇವತ್ತಿನ ತನಕ ದೀಪ ಮಿನುಗಿಲ್ಲ.

ಅಲ್ಲಿಂದ ಮುಂದಿನದು ಬರೀ ಪ್ರೀತಿಯ ಕಥೆ. ಟಾರು ಮುಗಿಯುವ ಕಡೆ ಒಂದು ಹಲಸಿನ ಮರ ಇದೆ. ಅದರ ಕೆಳಗೆ ನಿಲ್ಲಿಸುತ್ತೇನೆ. ಎಸಿ ಬಂದ್. ಗಾಜು ಎರಡು ಬೆರಳು ಕೆಳಗೆ, ತಿರುವಿನಾಚೆಯಿಂದ ಕಾಫಿ ಪಿಕಪ್ ಬರುತ್ತಿದ್ದರೆ ಸದ್ದು ಕೇಳಲಿ ಅಂತ. ಗೇರಿನ ಮುಂದೆ ದುಂಡಗಿನ ಗುಂಡಿ, ಮೂರು ಜಾಗ: ಎರಡು ಚಕ್ರ, ಆಟೋ, ಲಾಕ್. ಹಿಂದಿನ ಚಕ್ರಕ್ಕೂ ಎಳೆತ ಹಿಡಿದಿಡುವ ಲಾಕ್ ಕಡೆಗೆ ತಿರುಗಿಸಿ ದೀಪ ಬಂತಾ ಅಂತ ನೋಡುತ್ತೇನೆ. "ಗುಂಡಿ ತಿರುಗಿಸಿದ್ಯಾ?" ಅಂತ ಅಮ್ಮ ಹಿಂದಿನಿಂದ ಕೇಳುತ್ತಾರೆ. ಪ್ರತಿ ಸಲವೂ ಕೇಳುತ್ತಾರೆ. ತಿರುಗಿಸಿದ್ದೀನಿ ಅಂದ ಮೇಲೆಯೇ ಸೀಟಿಗೆ ಒರಗುವುದು. ಒಂದನೇ ಗೇರು, ಆಕ್ಸಿಲರೇಟರ್ ಮೇಲೆ ಕಾಲಿನ ಭಾರ ಅಷ್ಟೇ. ಮನುಷ್ಯ ನಡೆಯುವ ವೇಗದಲ್ಲಿ ಗಾಡಿ ಹತ್ತುತ್ತದೆ. ಮುಂದಿನ ಚಕ್ರ ಒಂದು ಕ್ಷಣ ತಡವರಿಸುತ್ತದೆ, ಆಮೇಲೆ ಬೆನ್ನ ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳಿದ ಹಾಗೆ ಆಗುತ್ತದೆ. ನಾಲ್ಕು ವರ್ಷ ಆಯಿತು, ಆ ತಳ್ಳುವಿಕೆಗೆ ನನಗೆ ಇನ್ನೂ ಬೇಜಾರಾಗಿಲ್ಲ. ಅಂಗಳದಲ್ಲಿ ನಿಲ್ಲಿಸಿ, ಗುಂಡಿಯನ್ನು ಆಟೋಗೆ ತಂದು, ಬಾಗಿಲ ಜೇಬಿನ ಉಪ್ಪಿನ ಡಬ್ಬಿ ತೆಗೆದು ಕಾಲಿಗೆ ಹತ್ತಿದ ಉಂಬಳ ಬಿಡಿಸಿಕೊಂಡರೆ ಪ್ರಯಾಣ ಮುಗಿಯಿತು.

ಗುಂಡಿಬಿದ್ದ ರಸ್ತೆಯಲ್ಲಿ ಇದರ ಸಸ್ಪೆನ್ಷನ್ ಎಷ್ಟು ಹಿತ ಅಂದರೆ, ಬೆನ್ನುನೋವಿರುವ ಅಮ್ಮ ಬಸ್ಸಿನ ಹೆಸರನ್ನೇ ಎತ್ತುವುದಿಲ್ಲ. ಎಡಬ್ಲ್ಯೂಡಿಗೆ ಹಿಂದೆಯೂ ಸ್ವತಂತ್ರ ಸಸ್ಪೆನ್ಷನ್ ಇದೆ. ಎರಡು ಚಕ್ರದ್ದರಲ್ಲಿ ಇಲ್ಲ.

ಖರ್ಚಿನ ವಿಷಯವನ್ನೂ ನೇರವಾಗಿ ಹೇಳಬೇಕು. ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ. ಅದು ಕಡಿದರೆ ವಾಲ್ವು, ಪಿಸ್ಟನ್ ಒಂದಕ್ಕೊಂದು ಬಡಿದು ಎಂಜಿನ್ನೇ ಹೋಗುತ್ತದೆ. ಹಿಂದಿನವರು ಬದಲಿಸಿದ ಬಿಲ್ಲು ಕೈಗೆ ಸಿಗದಿದ್ದರೆ, ಬದಲಿಸಿಲ್ಲ ಅಂತಲೇ ತಿಳಿಯಿರಿ. ನಾನು ಮೊದಲ ವಾರವೇ ಬೆಲ್ಟು, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರು, ವಾಟರ್ ಪಂಪು ಮೂರನ್ನೂ ಬದಲಿಸಿದೆ. 1,20,000 ಕಿ.ಮೀ. ಹತ್ತಿರ ಕ್ಲಚ್ ಬದಲಿಸಬೇಕಾಯಿತು, ಏರಿನಲ್ಲಿ ಅರ್ಧ ಕ್ಲಚ್ ಹಿಡಿಯುವ ನನ್ನ ಅಭ್ಯಾಸವೇ ಅದಕ್ಕೆ ಕಾರಣ. ಒಮ್ಮೆ ಕಲ್ಲು ತಾಗಿ ಒಂದು ಟೈರಿನ ಪಕ್ಕೆ ಸೀಳಿತು. ಬೇರೆ ಗಾಡಿಯಾಗಿದ್ದರೆ ಒಂದು ಹೊಸದು ಹಾಕಿ ಮರೆಯಬಹುದಿತ್ತು. ಇದಕ್ಕೆ ಅದೇ ಕಂಪನಿಯ, ಅಷ್ಟೇ ಸವೆದ ಟೈರು ಹುಡುಕಲು ಎರಡು ವಾರ ಅಲೆದೆ. ಪ್ರತಿ 8,000 ಕಿ.ಮೀ.ಗೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸುತ್ತೇನೆ. ತಿಂಗಳಿಗೊಮ್ಮೆ ಗಾಳಿ. ಇಷ್ಟು ತಾಳ್ಮೆ ಇಲ್ಲದವರು, ಮನೆ ತನಕ ಟಾರು ಇರುವವರು ದಯವಿಟ್ಟು ಎರಡು ಚಕ್ರದ ಡಸ್ಟರನ್ನೇ ತಗೊಳ್ಳಿ. ಅದಕ್ಕೂ ನೆಲದಿಂದ 205 ಮಿ.ಮೀ. ಎತ್ತರ ಇದೆ, ಇದಕ್ಕೆ 210. ಜಾಸ್ತಿ ವ್ಯತ್ಯಾಸ ಇಲ್ಲ, ನೋಡಿಕೊಳ್ಳಬೇಕಾದ ಭಾಗಗಳೂ ಕಡಿಮೆ.

ಈ ಮೇ ತಿಂಗಳಲ್ಲಿ ಮಳೆಗೆ ಮೊದಲು ಮತ್ತೆ ನಾಲ್ಕು ಹೊಸ ಟೈರು ತರಿಸಿದೆ. ಅಂಗಡಿಯಲ್ಲಿ ಒಂದೊಂದನ್ನೇ ಉರುಳಿಸಿ ಅಂಕಿ ನೋಡಿದೆ. ಮೂರರಲ್ಲಿ 1325, ಒಂದರಲ್ಲಿ 3824. ಆರು ತಿಂಗಳ ವ್ಯತ್ಯಾಸಕ್ಕೆ ಏನೂ ಆಗಲ್ಲ ಸರ್ ಅಂದರು. ಆಗಲಿಕ್ಕಿಲ್ಲ, ಅದು ನನಗೂ ಗೊತ್ತು. ಆದರೂ ಆ ಒಂದನ್ನು ಪಕ್ಕಕ್ಕಿಟ್ಟು, ನಾಲ್ಕನೇ 1325 ಬರುವ ತನಕ ಎರಡು ದಿನ ಕಾದು ಹಾಕಿಸಿಕೊಂಡು ಬಂದೆ.