ಗುಲಾಬಿ ದಿನದ ತಟ್ಟೆ ಇಡ್ಲಿ ಮಳಿಗೆ: ರುಚಿಗೆ ಪೂರ್ತಿ ಅಂಕ, ರಸೀದಿಗೆ ಅರ್ಧ

ಸೆಪ್ಟೆಂಬರ್ 22 ಕ್ಯಾನ್ಸರ್ ರೋಗಿಗಳಿಗೆ ಮೀಸಲಾದ ಗುಲಾಬಿ ದಿನ. ತುಮಕೂರಿನಲ್ಲಿ ಅಂದು ಚಿಕಿತ್ಸಾ ನಿಧಿಗಾಗಿ ಹಾಕಿದ್ದ ಮಳಿಗೆಯ ತಟ್ಟೆ ಇಡ್ಲಿ ಆ ತಿಂಡಿಗೇ ಪ್ರಸಿದ್ಧವಾದ ಕ್ಯಾತ್ಸಂದ್ರದ ಹೆಸರು ಉಳಿಸುವಂತಿತ್ತು. ಅಂಗೈಯಗಲದ ಇಡ್ಲಿ, ಒತ್ತಿದರೆ ಮತ್ತೆ ಉಬ್ಬುವಷ್ಟು ಮೆತ್ತಗೆ, ಮೇಲೊಂದು ಬೆಣ್ಣೆ ಮುದ್ದೆ ಕರಗುತ್ತಾ ಅಂಚಿಗೆ ಇಳಿಯುತ್ತಿತ್ತು. ಹತ್ತು ಗಂಟೆಯ ನಂತರ ಮಾತ್ರ ಹಿಟ್ಟು ಬಿಸಿಲಿಗೆ ಹುಳಿಯಾಯಿತು. ಹಿಟ್ಟಿನ ಪಾತ್ರೆಯನ್ನು ನೆರಳಲ್ಲಿ, ತಣ್ಣೀರಿನ ಟಬ್‌ನಲ್ಲಿಟ್ಟಿದ್ದರೆ ಸಾಕಿತ್ತು.

ನಿಜವಾದ ಕೊರತೆ ದೇಣಿಗೆ ಮೇಜಿನಲ್ಲಿ. ಕೂಪನ್ ಹಣವನ್ನೂ ದೇಣಿಗೆಯನ್ನೂ ಒಂದೇ ಕ್ಯೂಆರ್‌ಗೆ ಹಾಕಿಸುತ್ತಿದ್ದರು. ತಿಂಡಿಗೆ ಕೊಟ್ಟ ಹಣ ದೇಣಿಗೆಯಲ್ಲ, ಅದಕ್ಕೆ ತೆರಿಗೆ ವಿನಾಯಿತಿಯೂ ಇಲ್ಲ. ಎರಡಕ್ಕೂ ಬೇರೆ ಕ್ಯೂಆರ್, ಬೇರೆ ರಸೀದಿ ಪುಸ್ತಕ ಇರಲೇಬೇಕು. ಇಲ್ಲದಿದ್ದರೆ ಸಂಜೆ ಲೆಕ್ಕ ಕೂಡುವುದೇ ಇಲ್ಲ.

ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ) ಬೇಕಿದ್ದವರು ಪ್ಯಾನ್ ಸಂಖ್ಯೆ ಬರೆಸಿ. 2000 ರೂಪಾಯಿಗಿಂತ ಹೆಚ್ಚಿನ ನಗದಿಗೆ ವಿನಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಅಕ್ಕಿ, ಹೊದಿಕೆ ಕೊಟ್ಟರೆ ರೋಗಿಗಳಿಗೆ ಉಪಕಾರ ಖಂಡಿತ, ತೆರಿಗೆ ಲೆಕ್ಕಕ್ಕೆ ಬಾರದು. ಯುಪಿಐ ಸಂದೇಶವನ್ನೇ ರಸೀದಿ ಅಂದುಕೊಳ್ಳಬೇಡಿ. ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಸಂಸ್ಥೆಯ ಹೆಸರೇ ಬಂದಿದೆಯೇ ನೋಡಿ. ವ್ಯಕ್ತಿಯ ಹೆಸರು ಬಂದರೆ ನಿಲ್ಲಿಸಿ, ಕೇಳಿ.

ಸ್ವಯಂಸೇವಕರ ವಿನಯಕ್ಕೆ ಎರಡು ಮಾತಿಲ್ಲ. ವಯಸ್ಸಾದವರಿಗೆ ಕುರ್ಚಿ ಹಾಕಿ, ತಟ್ಟೆ ಅಲ್ಲಿಗೇ ತಂದುಕೊಟ್ಟರು. ಮುಂದಿನ ಸಲ ಮಳಿಗೆ ಹಾಕಿದಾಗ ಇಡ್ಲಿ ಬೇಕಿದ್ದರೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಚಿಲ್ಲರೆ ಒಯ್ಯಿರಿ.