ವಾಟರ್ ಬಾತ್ ವಿಮರ್ಶೆ: ಡಿಸ್‌ಪ್ಲೇ ಒಂದು ಹೇಳುತ್ತೆ, ಟ್ಯೂಬ್ ಇನ್ನೊಂದು

ಹದಿನಾಲ್ಕು ತಿಂಗಳಿಂದ ಈ 12 ಲೀಟರಿನ ಥರ್ಮೋಸ್ಟಾಟ್ ವಾಟರ್ ಬಾತ್, ಅಂದರೆ ನೀರನ್ನು ಒಂದೇ ಉಷ್ಣತೆಯಲ್ಲಿ ಇಡುವ ತೊಟ್ಟಿ, ಬಳಸುತ್ತಿದ್ದೇನೆ. ನನ್ನ ಕೆಲಸ ಟ್ಯೂಬಿನಲ್ಲಿರುವ ಅಯಾನಿಕ್ ದ್ರವ (ದ್ರವರೂಪದ ಉಪ್ಪು) ಮತ್ತು ಆಲ್ಕೋಹಾಲ್ ಮಿಶ್ರಣ ಎರಡು ಪದರವಾಗಿ ಒಡೆಯುವ ಉಷ್ಣತೆಯನ್ನು, ಅಂದರೆ ಕ್ರಿಟಿಕಲ್ ಬಿಂದುವನ್ನು, ಹಿಡಿಯುವುದು. ಆ ಬಿಂದುವಿನ ಹತ್ತಿರ 0.01 ಡಿಗ್ರಿ ಕೂಡ ದೊಡ್ಡದು. ಹಾಗಾಗಿ ಬಾತ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ನನ್ನ ಫಲಿತಾಂಶವನ್ನೇ ಬದಲಿಸುತ್ತದೆ.

ಅದು ಹೇಗೆ ಅಂತ ಸ್ವಲ್ಪ ಹೇಳ್ತೀನಿ. ಚಾರ್ಜ್‌ಗಳ ನಡುವಿನ ಸೆಳೆತ ಬಹಳ ದೂರ ಮುಟ್ಟುತ್ತದೆ. ಆದರೆ ದ್ರವದೊಳಗೆ ಪ್ರತಿ ಪ್ಲಸ್ ಅಯಾನಿನ ಸುತ್ತ ಮೈನಸ್‌ಗಳು ಮುತ್ತಿಕೊಳ್ಳುತ್ತವೆ. ದೂರದಿಂದ ಆ ಚಾರ್ಜ್ ಕಾಣಿಸುವುದೇ ಇಲ್ಲ. 1923ರಲ್ಲಿ ವಿಜ್ಞಾನಿಗಳಾದ ಡಿಬೈ ಮತ್ತು ಹ್ಯೂಕೆಲ್ ಲೆಕ್ಕ ಹಾಕಿದ್ದು ಇದನ್ನೇ. ಲೀಟರಿಗೆ 0.1 ಮೋಲ್ ಉಪ್ಪಿರುವ ನೀರಲ್ಲಿ ಈ ಮರೆ ಸುಮಾರು 1 ನ್ಯಾನೋಮೀಟರ್ ದೂರದಲ್ಲೇ ಕೆಲಸ ಮಾಡುತ್ತದೆ. ಆದರೆ ಕ್ರಿಟಿಕಲ್ ಬಿಂದುವಿನ ಹತ್ತಿರ ಸಾಂದ್ರತೆಯ ಏರಿಳಿತ ನೂರಾರು ನ್ಯಾನೋಮೀಟರ್‌ಗೆ ಬೆಳೆಯುತ್ತದೆ. ಅಲ್ಲಿ ಗೆಲ್ಲುವುದು ದೂರದ ಸೆಳೆತವೋ, ಮರೆಯೋ? ಮರೆ ಗೆದ್ದರೆ ಈ ದ್ರವ ಸಾಮಾನ್ಯ ದ್ರವಗಳ ಹಾಗೇ ಐಸಿಂಗ್ ನಿಯಮ (ಹತ್ತಿರದ ನೆರೆಯ ಕಣಗಳ ಸೆಳೆತವನ್ನಷ್ಟೇ ಎಣಿಸುವ ಮಾದರಿಯದು) ಪಾಲಿಸಬೇಕು. ಆಗ ಘಾತಾಂಕ, ಅಂದರೆ ಬಿಂದುವಿಗೆ ಹತ್ತಿರವಾದಂತೆ ಎರಡು ಪದರಗಳ ವ್ಯತ್ಯಾಸ ಎಷ್ಟು ಬೇಗ ಕುಗ್ಗುತ್ತದೆ ಅಂತ ಹೇಳುವ ಸಂಖ್ಯೆ, 0.326. ಇಲ್ಲದಿದ್ದರೆ 0.5.

ಪದರಗಳ ಸಾಂದ್ರತೆಯ ನಡುವಿನ ವ್ಯತ್ಯಾಸದಲ್ಲಿ ಇದು ಕಾಣುತ್ತದೆ. ಬಿಂದುವಿನಿಂದ 1 ಡಿಗ್ರಿ ದೂರದಲ್ಲಿ ಅಳೆದು, ಆಮೇಲೆ 0.01 ಡಿಗ್ರಿ ದೂರಕ್ಕೆ ಬನ್ನಿ. ಘಾತಾಂಕ 0.5 ಆದರೆ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 0.326 ಆದರೆ ನಾಲ್ಕೂವರೆಯಲ್ಲಿ ಒಂದು ಪಾಲು. ಆ ಕೊನೆಯ 0.01 ಡಿಗ್ರಿಯಲ್ಲಿ ಬಾತ್ ತೂಗಾಡಿದರೆ ಎರಡರಲ್ಲಿ ಯಾವುದು ಅಂತ ಹೇಳೋದು ಕಷ್ಟ. 1990ರಲ್ಲಿ ರಸಾಯನ ವಿಜ್ಞಾನಿ ಕೆನೆತ್ ಪಿಟ್ಜರ್ ತಂಡ ಒಂದು ಅಮೋನಿಯಂ-ಬೋರೇಟ್ ಲವಣವನ್ನು ಡೈಫೀನೈಲ್ ಈಥರ್‌ನಲ್ಲಿ ಕರಗಿಸಿ 0.5 ಕಂಡಿತ್ತು. ಮುಂದೆ ಬೇರೆಯವರು ಅದೇ ಬಗೆಯ ದ್ರಾವಣವನ್ನು ಅಳೆದಾಗ ಸಿಕ್ಕಿದ್ದು ಐಸಿಂಗ್ ನಡವಳಿಕೆ. ನನಗೆ ಆ ಕಥೆ ತುಂಬಾ ಮುಖ್ಯ. ಇಂಥ ಅಳತೆಯಲ್ಲಿ ಎಷ್ಟು ಹುಷಾರಾಗಿದ್ದರೂ ಸಾಲದು.

ಈಗ ಬಾತ್ ವಿಷಯ. ಪಂಪ್ ಸದ್ದಿಲ್ಲದ್ದು. ನೀರು ಬಿಡುವ ನಲ್ಲಿ ಮುಂದುಗಡೆ ಇರೋದರಿಂದ ಖಾಲಿ ಮಾಡುವುದು ಸುಲಭ. ಮೊದಲ ವಾರ ಡಿಸ್‌ಪ್ಲೇಯಲ್ಲಿ ಅಂಕಿ ಒಂಚೂರೂ ಅಲುಗಾಡಲಿಲ್ಲ, ನಾನೂ ನಂಬಿದ್ದೆ. ಆದರೆ ಟ್ಯೂಬಿನ ಪಕ್ಕ ಒಂದು ಪ್ಲಾಟಿನಂ ಥರ್ಮಾಮೀಟರ್ ಇಟ್ಟಾಗ ನಿಜ ಗೊತ್ತಾಯಿತು. ಅದರೊಳಗಿನ ನೂರು ಓಮ್ ತಂತಿಯ ವಿದ್ಯುತ್ ರೋಧದಲ್ಲಿ ಡಿಗ್ರಿಗೆ ಸುಮಾರು 0.385 ಓಮ್ ಬದಲಾವಣೆ. ಮೀಟರ್ ಪ್ರತಿ ಆರು ನಿಮಿಷಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಲೆಕ್ಕ ಹಾಕಿದರೆ 0.03 ಡಿಗ್ರಿ! ಹೀಟರ್ ಆನ್-ಆಫ್ ಆಗುವ ಲಯ ಅದು. ಡಿಸ್‌ಪ್ಲೇ ಅದನ್ನು ಸರಾಸರಿ ಮಾಡಿ ತೋರಿಸುತ್ತಿತ್ತು ಅಂತ ಕಂಪನಿಯ ಸರ್ವಿಸ್‌ನವರು ಆಮೇಲೆ ಒಪ್ಪಿಕೊಂಡರು. ಮೊದಲ ಎರಡು ಸಲ ಮಾತ್ರ "ನಿಮ್ಮ ಮೀಟರ್ ನೋಡಿಕೊಳ್ಳಿ ಸರ್" ಅಂದಿದ್ದರು. ಬೇಜಾರಾಯಿತು.

ಸರಿಪಡಿಸಿದ್ದು ಹೀಗೆ. ಕೂಲಿಂಗ್ ಕಾಯಿಲ್‌ನಲ್ಲಿ ಸದಾ ಸಣ್ಣಗೆ ತಣ್ಣೀರು ಹರಿಯುವಂತೆ ಬಿಟ್ಟೆ. ಆಗ ಹೀಟರ್‌ಗೆ ಯಾವಾಗಲೂ ಒಂದಿಷ್ಟು ಕೆಲಸ ಇರುತ್ತದೆ, ಪೂರ್ತಿ ನಿಂತು ಮತ್ತೆ ಶುರುವಾಗುವುದಿಲ್ಲ. ಟ್ಯೂಬನ್ನು ನೇರವಾಗಿ ನೀರಲ್ಲಿ ಇಡದೆ, ಕಿಟಕಿ ಕೊರೆದ ದಪ್ಪ ತಾಮ್ರದ ಬ್ಲಾಕ್‌ನಲ್ಲಿ ಕೂರಿಸಿದೆ. ನೀರಿನ ಏರಿಳಿತ ಬ್ಲಾಕ್ ದಾಟುವಷ್ಟರಲ್ಲಿ ಸವೆದುಹೋಗುತ್ತದೆ. ಈಗ ಟ್ಯೂಬಿನ ಹತ್ತಿರ 0.004 ಡಿಗ್ರಿಗಿಂತ ಜಾಸ್ತಿ ಅಲುಗಾಟವಿಲ್ಲ.

ಇನ್ನೊಂದು ತೊಂದರೆ ಮುಚ್ಚಳ. ಅದು ಸರಿಯಾಗಿ ಕೂರುವುದಿಲ್ಲ, ರಾತ್ರಿಯೆಲ್ಲ ನೀರು ಆವಿಯಾಗುತ್ತದೆ. ಬೆಳಿಗ್ಗೆ ಒಂದು ಲೋಟ ತಣ್ಣೀರು ಸುರಿದರೆ ಎರಡು ಗಂಟೆ ಅಳತೆ ಹಾಳು. ನೀರಿನ ಮೇಲೆ ಪ್ಲಾಸ್ಟಿಕ್ ಗುಂಡುಗಳನ್ನು ತೇಲಿಬಿಟ್ಟ ಮೇಲೆ ವಾರಕ್ಕೊಮ್ಮೆ ತುಂಬಿಸಿದರೆ ಸಾಕು.

ಇಷ್ಟು ಕಷ್ಟಪಟ್ಟಿದ್ದಕ್ಕೆ ಸಿಕ್ಕಿದ್ದನ್ನೂ ಹೇಳಬೇಕು, ಅಲ್ವಾ? ಒಂದು ಸಂಜೆ 0.005 ಡಿಗ್ರಿ ಹೆಜ್ಜೆಯಲ್ಲಿ ಇಳಿಸುತ್ತಾ ಕೂತಿದ್ದೆ. ಕೆಂಪು ಲೇಸರ್ ಮೊದಲು ಟ್ಯೂಬ್ ದಾಟಿ ಗೋಡೆಯ ಮೇಲೆ ಚುಕ್ಕೆಯಾಗಿ ಬೀಳುತ್ತಿತ್ತು. ನಿಧಾನವಾಗಿ ಚುಕ್ಕೆ ಮಂಕಾಯಿತು, ಟ್ಯೂಬೇ ಒಳಗಿನಿಂದ ಕೆಂಪಗೆ ಹೊಳೆಯತೊಡಗಿತು. ಲೇಸರ್ ಆರಿಸಿ ದೀಪ ಹಾಕಿದರೆ ಹಾಲಿನಂತೆ ಬೆಳ್ಳಗೆ. ಬೆಳೆದ ಏರಿಳಿತಗಳು ಬೆಳಕನ್ನು ಚದುರಿಸುತ್ತಿದ್ದವು. ಮುಕ್ಕಾಲು ಗಂಟೆ ಕಾದೆ. ನಡುವೆ ಕೂದಲೆಳೆಯಂಥ ಒಂದು ಗೆರೆ ಮೂಡಿತು. ಆ ಸರಣಿಯ ಅಳತೆಗಳು 0.326ರ ಪಕ್ಕದಲ್ಲೇ ಕೂತಿವೆ, 0.5ಕ್ಕೆ ಹೊಂದುವುದೇ ಇಲ್ಲ.

ಬರೀ ವಾಹಕತೆ ಅಥವಾ ಸ್ನಿಗ್ಧತೆ ಅಳೆಯುವವರು ಈ ಬಾತನ್ನು ಯೋಚನೆಯಿಲ್ಲದೆ ಕೊಳ್ಳಬಹುದು. ಕ್ರಿಟಿಕಲ್ ಬಿಂದುವಿನ ಕೆಲಸಕ್ಕೆ ಆದರೆ ತಾಮ್ರದ ಬ್ಲಾಕ್ ಮತ್ತು ನಿಮ್ಮದೇ ಥರ್ಮಾಮೀಟರ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಚ್ಚಳ ಸರಿ ಇದ್ದಿದ್ದರೆ ನಾಲ್ಕು.