ಬೆನ್ನಿಗೆ ಹೊರುವ ಬ್ಲೋವರ್: ಬೆಂಕಿರೇಖೆಗೆ ಸೈ, ಬೆಂಕಿ ಆರಿಸಲು ಸಾಲದು

ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ 14 ಎಕರೆ ಕಾಫಿ ತೋಟದ ಮೇಲ್ಗಡಿಯ ಆಚೆ ಹುಲ್ಲುಗುಡ್ಡವಿದೆ. ಗುಡ್ಡದ ಬೆನ್ನಿಗೇ ಮೀಸಲು ಅರಣ್ಯ. ಜನವರಿಯಲ್ಲಿ ಹುಲ್ಲು ಒಣಗಿದಾಗಿನಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬೀಳುವವರೆಗೆ ಈ ಗಡಿಯುದ್ದಕ್ಕೂ, ಅಂದರೆ ಸುಮಾರು 600 ಮೀಟರ್ ದೂರಕ್ಕೆ, ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು, ಎಲೆ ತೆಗೆದ ಬರಿ ನೆಲದ ಪಟ್ಟಿ) ಇಲ್ಲದೆ ನಮಗೆ ನಿದ್ದೆ ಬರುವುದಿಲ್ಲ. ಮೊದಲು ಆರು ಜನ ಕತ್ತಿ, ಗುದ್ದಲಿ, ಪೊರಕೆ ಹಿಡಿದು ಐದು ದಿನ ಮಾಡುತ್ತಿದ್ದ ಕೆಲಸವಿದು. ರೊಬಸ್ಟಾ ಕೊಯ್ಲೂ ಅದೇ ಹೊತ್ತಿಗೆ ಬರುವುದರಿಂದ ಆರು ಜನರನ್ನು ಹೊಂದಿಸುವುದು ಕಷ್ಟವಾಗುತ್ತಾ ಬಂದು, ಮೂರು ವರ್ಷಗಳ ಹಿಂದೆ ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಬೆನ್ನಿಗೆ ಹೊರುವ, ಜೋರಾಗಿ ಗಾಳಿ ಊದುವ ಪೆಟ್ರೋಲ್ ಬ್ಲೋವರ್ ಒಂದನ್ನು 28,500 ರೂಪಾಯಿ ಕೊಟ್ಟು ತಂದೆ. ಮೂರು ಬೇಸಿಗೆ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಹೊರಟಿರುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಎಲ್ಲ ಯಂತ್ರಗಳಿಗೂ ಅನ್ವಯಿಸುತ್ತವೆ.

ಇದು ಎರಡು ಸ್ಟ್ರೋಕಿನ ಎಂಜಿನ್. ತೂಕ ಇಂಧನ ಬಿಟ್ಟು ಸುಮಾರು 10 ಕಿಲೋ. ಲೀಟರ್ ಪೆಟ್ರೋಲಿಗೆ 20 ಮಿಲಿ ಎಂಜಿನ್ ಆಯಿಲ್ ಬೆರೆಸಬೇಕು. ತುಂಬಿದ ಟ್ಯಾಂಕು ಪೂರ್ತಿ ವೇಗದಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಬರುತ್ತದೆ. ಸಮತಟ್ಟಾದ ಜಾಗದಲ್ಲಿ ಭಾರ ಗೊತ್ತಾಗದಿದ್ದರೂ ನಮ್ಮ ಇಳಿಜಾರಿನಲ್ಲಿ ಅರ್ಧ ಗಂಟೆಗೊಮ್ಮೆ ಒಬ್ಬರಿಂದ ಒಬ್ಬರಿಗೆ ಬದಲಾಯಿಸಿಕೊಳ್ಳುವುದು ಅನಿವಾರ್ಯ.

ತರಗೆಲೆಯ ವಿಷಯದಲ್ಲಿ ಯಂತ್ರದ ಕೆಲಸಕ್ಕೆ ಎರಡು ಮಾತಿಲ್ಲ. ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಮರದ ಎಲೆ ನೆಲಕ್ಕಂಟಿದ ಚಾಪೆಯ ಹಾಗೆ ಕೂರುತ್ತದೆ. ಪೊರಕೆಗೆ ಸುಲಭವಾಗಿ ಬಾರದ ಆ ಪದರವನ್ನು ಬ್ಲೋವರ್ ಒಂದೇ ಬೀಸಿಗೆ ಎಬ್ಬಿಸಿ ಆಚೆ ಹಾಕುತ್ತದೆ. ಆದರೆ ನಿಂತ ಹುಲ್ಲನ್ನು ಅದು ಅಲುಗಿಸುತ್ತದೆಯೇ ಹೊರತು ತೆಗೆಯಲಾರದು ಎಂಬುದನ್ನು ಅಂಗಡಿಯವರು ನಮಗೆ ಹೇಳಿರಲಿಲ್ಲ. ಮೊದಲು ಕಳೆ ಕೊಚ್ಚುವ ಯಂತ್ರದಿಂದ ಹುಲ್ಲನ್ನು ಬುಡಮಟ್ಟಕ್ಕೆ ಸವರಿ, ಲಂಟಾನದ ಪೊದೆಗಳನ್ನು ಕತ್ತಿಯಲ್ಲಿ ಕಡಿದು, ಆಮೇಲೆ ಬ್ಲೋವರ್ ಹಿಡಿದರೆ ಬರಿ ಮಣ್ಣಿನ ಪಟ್ಟಿ ತೆರೆದುಕೊಳ್ಳುತ್ತದೆ. ಹೀಗೆ ಸವರಿದ ನಂತರ 600 ಮೀಟರ್ ಗಡಿಗೆ ಇಬ್ಬರಿಗೆ ಒಂದೂವರೆ ದಿನ ಸಾಕಾಗುತ್ತದೆ. ಆದರೆ ಒಮ್ಮೆ ಮಾಡಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಎಲೆ ಉದುರುತ್ತಲೇ ಇರುವುದರಿಂದ ಹದಿನೈದು ದಿನಕ್ಕೊಮ್ಮೆ ಮತ್ತೆ ಊದಬೇಕು; ಯಂತ್ರದ ಬೆಲೆ ನಿಜವಾಗಿ ಗಿಟ್ಟುವುದು ಈ ಎರಡನೆಯ, ಮೂರನೆಯ ಸುತ್ತಿನಲ್ಲಿ.

ಎಲೆಯನ್ನು ಯಾವ ಕಡೆಗೆ ಊದಬೇಕು ಎಂಬುದಕ್ಕೂ ಲೆಕ್ಕವಿದೆ. ಮೊದಲ ವರ್ಷ ಗುಡ್ಡದ ಕಡೆಗೆ ಊದಿ, ರೇಖೆಯ ಅಂಚಿನಲ್ಲೇ ಮೊಣಕಾಲೆತ್ತರದ ಒಣ ಎಲೆಯ ದಿಂಡು ಕಟ್ಟಿಟ್ಟೆವು. ಅಂದರೆ ಬೆಂಕಿ ಬಂದರೆ ನಮ್ಮ ಗಡಿಯಲ್ಲೇ ಎತ್ತರದ ಜ್ವಾಲೆ ಏಳಲು ಬೇಕಾದ ಉರುವಲನ್ನು ಕೈಯಾರೆ ಒದಗಿಸಿದಂತಾಯಿತು. ಈಗ ಒಳಗಡೆಗೆ, ಕಾಫಿ ಗಿಡಗಳ ನಡುವೆ ತೆಳುವಾಗಿ ಹರಡುವಂತೆ ಊದುತ್ತೇವೆ; ಅಲ್ಲಿ ಅದು ನೆಲದ ತೇವ ಉಳಿಸಿ, ಮಳೆಗಾಲದಲ್ಲಿ ಗೊಬ್ಬರವೂ ಆಗುತ್ತದೆ. ಇಳಿಜಾರಿನಲ್ಲಿ ಬಹಳ ಜೋರಾಗಿ ಊದಿದರೆ ಮೇಲ್ಮಣ್ಣೂ ಹಾರಿಹೋಗಿ ಮೊದಲ ಮಳೆಗೇ ಕೊರಕಲು ಬೀಳುತ್ತದೆಯಾದ್ದರಿಂದ ಅರ್ಧ ವೇಗದಲ್ಲಿ ಊದುವುದು ಒಳ್ಳೆಯದು.

ಯಂತ್ರದಿಂದಾದ ದೊಡ್ಡ ಉಪಕಾರವೆಂದರೆ ತೋಟದೊಳಗೆ ಬೆಂಕಿ ಹಾಕುವ ಪದ್ಧತಿಯೇ ನಿಂತದ್ದು. ಹಿಂದೆ ಗುಡಿಸಿದ ಎಲೆಯನ್ನು, ಮರಗಸಿಯಲ್ಲಿ (ನೆರಳಿನ ಮರಗಳ ಕೊಂಬೆ ಸವರುವಾಗ) ಬಿದ್ದ ಸಣ್ಣ ರೆಂಬೆಗಳನ್ನು ಗುಡ್ಡೆ ಹಾಕಿ ಸುಡುತ್ತಿದ್ದೆವು. ನಮ್ಮ ಜಾಗದಲ್ಲಿ ನಾವು ಸುಟ್ಟರೆ ಯಾರದೇನು ಎಂಬ ಭಾವನೆಯೂ ಇತ್ತು. ಆ ಭಾವನೆಗೆ ಕಾನೂನಿನ ಆಸರೆ ಇಲ್ಲ. ಮೀಸಲು ಅರಣ್ಯಕ್ಕೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಅದರೊಳಗೆ ಬೆಂಕಿ ಹೊತ್ತಿಸುವುದನ್ನಾಗಲಿ, ಹೊತ್ತಿಸಿದ್ದನ್ನು ಆರಿಸದೆ ಬಿಟ್ಟುಬರುವುದನ್ನಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ನಿಷೇಧಿಸುತ್ತದೆ. ಭದ್ರಾ ಅಭಯಾರಣ್ಯದ ಮುತ್ತೋಡಿ ಕಡೆಗೆ ಹೋಗುವ ಪ್ರವಾಸಿಗರು ಇದನ್ನು ನೆನಪಿಡಬೇಕು. ಇನ್ನು ನಮ್ಮದೇ ಜಾಗದಲ್ಲಿ ಹಚ್ಚಿದ್ದಾದರೂ, ಅಜಾಗರೂಕತೆಯಿಂದ ಇತರರ ಜೀವಕ್ಕೆ ಅಪಾಯ ಒಡ್ಡಿದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಸೆಕ್ಷನ್ ಅಡಿಯಲ್ಲಿ ಆರು ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪ್ಲಾಸ್ಟಿಕ್ ಚೀಲ, ಗೊಬ್ಬರದ ಖಾಲಿ ಮೂಟೆಗಳನ್ನು ಸುಡುವ ಅಭ್ಯಾಸ ಇನ್ನೂ ಉಳಿದಿರುವವರಿಗೆ ಒಂದು ಮಾತು: ಕಸವನ್ನು ಬಯಲಿನಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ.

ಈಗ ದೂರಿನ ಕಡೆಗೆ ಬರುತ್ತೇನೆ. ಮಾರುವಾಗ ಅಂಗಡಿಯವರು, 'ಸಾರ್, ಇದೊಂದಿದ್ದರೆ ಬೆಂಕಿಯನ್ನೂ ಊದಿ ಆರಿಸಬಹುದು' ಎಂದಿದ್ದರು. ಈ ಮಾತು ಅರ್ಧ ನಿಜ. ಅಪಾಯವೂ ಅರ್ಧ ನಿಜವಾದ್ದರಿಂದಲೇ. ತರಗೆಲೆಯಲ್ಲಿ ಮೊಣಕಾಲಿಗಿಂತ ಕೆಳಗೆ ತೆವಳುವ ಬೆಂಕಿಯನ್ನು, ಅದರ ಬುಡಕ್ಕೆ ಗಾಳಿ ಹಿಡಿದು ಈಗಾಗಲೇ ಸುಟ್ಟ ನೆಲದ ಕಡೆಗೆ ತಳ್ಳಿದರೆ ಅದು ಆರುತ್ತದೆ. ಅದೇ ಗಾಳಿಯನ್ನು ಎದ್ದ ಜ್ವಾಲೆಗೆ ಹಿಡಿದರೆ ಕೊಲುಮೆಗೆ ತಿದಿ ಒತ್ತಿದಂತೆ. ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ ರಸ್ತೆಯ ಕಡೆಯಿಂದ ಹೊತ್ತಿದ ಹುಲ್ಲು ಗುಡ್ಡ ಏರತೊಡಗಿತು. ಏರಿನಲ್ಲಿ ಬೆಂಕಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಕೊಂಡು ಓಡುತ್ತದೆಯಾದ್ದರಿಂದ ಅದರ ವೇಗ ನಮ್ಮ ಅಂದಾಜಿಗೆ ಸಿಗಲಿಲ್ಲ. ಬ್ಲೋವರ್ ಹೊತ್ತಿದ್ದ ನಮ್ಮ ಹುಡುಗ ಗಾಬರಿಯಲ್ಲಿ ಪಕ್ಕದಿಂದ ಜ್ವಾಲೆಗೇ ಗಾಳಿ ಹಿಡಿದ. ಕಿಡಿಗಳು ರೇಖೆಯನ್ನು ದಾಟಿ ಒಳಗಿನ ತರಗೆಲೆಯ ಮೇಲೆ ಬಿದ್ದವು. ಬೆನ್ನ ಮೇಲೆ ಪೆಟ್ರೋಲ್ ಟ್ಯಾಂಕು ಹೊತ್ತವನು ಅಷ್ಟು ಹತ್ತಿರ ನಿಂತಿದ್ದ ಎಂಬುದು ನನಗೆ ಹೊಳೆದದ್ದು ರಾತ್ರಿ ಊಟಕ್ಕೆ ಕುಳಿತಾಗ.

ಆ ದಿನ ನಮ್ಮ ಕೈ ಹಿಡಿದದ್ದು ಗಿಡಗಳಿಗೆ ಬೋರ್ಡೋ (ಶಿಲೀಂಧ್ರ ರೋಗ ತಡೆಯುವ ದ್ರಾವಣ) ಹೊಡೆಯುವ ಪಂಪು. 200 ಲೀಟರಿನ ಡ್ರಮ್ಮಿನ ಜೊತೆ ಅದನ್ನು ಪಿಕಪ್ ಗಾಡಿಯಲ್ಲಿ ಮೊದಲೇ ಏರಿಸಿಟ್ಟಿದ್ದೆವು, 100 ಮೀಟರ್ ಪೈಪೂ ಇತ್ತು. ಒಳಗೆ ಬಿದ್ದ ಕಿಡಿಗಳನ್ನು ನೀರಿನಿಂದ, ಅಂಚನ್ನು ಹಸಿ ಸೊಪ್ಪಿನಿಂದ ಬಡಿದು ತಡೆದೆವು. ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನರ ಬಳಿ ಈ ಪಂಪು ಇದ್ದೇ ಇರುತ್ತದೆ; ಬೇಸಿಗೆಯಲ್ಲಿ ತೊಳೆದು, ಡ್ರಮ್ಮಿಗೆ ಬರಿ ನೀರು ತುಂಬಿ, ಗಾಡಿಯ ಮೇಲಿಡುವುದಕ್ಕೆ ಹೊಸ ಖರ್ಚೇನೂ ಇಲ್ಲ. ಬೆಂಕಿ ಕಂಡ ಕೂಡಲೇ 112ಕ್ಕೋ 101ಕ್ಕೋ, ಕಾಡಿನ ಕಡೆಯದಾದರೆ ಅರಣ್ಯ ಇಲಾಖೆಯ 1926ಕ್ಕೋ ಕರೆ ಮಾಡಬೇಕು; ಉಪಗ್ರಹ ನೋಡಿ ಹೇಳುತ್ತದೆ ಎಂದು ಕಾಯಬಾರದು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಎಚ್ಚರಿಕೆ ಕಳಿಸಲು ಬಳಸುವ ಉಪಗ್ರಹ ಸಂವೇದಕಗಳಲ್ಲಿ ಸೂಕ್ಷ್ಮವಾದದ್ದಕ್ಕೂ ಒಂದು ಚುಕ್ಕೆ ಎಂದರೆ 375 ಮೀಟರ್ ಅಗಲದ ನೆಲ. ನಮ್ಮ ತೋಟದ ಬಹುಭಾಗ ಆ ಒಂದೇ ಚುಕ್ಕೆಯೊಳಗೆ ಅಡಗಿಹೋಗುತ್ತದೆ.

ಯಂತ್ರದ ಸದ್ದು ಮತ್ತೊಂದು ತೊಡಕು. ಹೊತ್ತವರಿಗೆ ಪಕ್ಕದವರ ಕೂಗೂ ಕೇಳಿಸುವುದಿಲ್ಲವಾದ್ದರಿಂದ ಕಿವಿಗೆ ರಕ್ಷಣೆ ಕೊಡುವುದರ ಜೊತೆಗೆ, ಕಣ್ಣಳತೆಯಲ್ಲಿ ಇನ್ನೊಬ್ಬರು ನಿಂತು ಕೈಸನ್ನೆ ಮಾಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ನಮ್ಮ ಭಾಗದಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿ ಬೆಳಗ್ಗೆ ಮೊಬೈಲಿಗೆ ಬಂದು ತಲುಪಿದ ಮೇಲೆಯೇ ಯಂತ್ರ ಚಾಲೂ ಮಾಡುವುದು. ರೆಂಬೆ ಮುರಿದ ಸದ್ದು ಕೇಳದ ಕಿವಿಯೊಂದಿಗೆ ಕಾಡಂಚಿನಲ್ಲಿ ನಿಲ್ಲುವುದು ಬೆಂಕಿಯಷ್ಟೇ ಕೆಟ್ಟದ್ದು. ಬಿಸಿಯಾದ ಎಂಜಿನ್ನಿಗೆ ಪೆಟ್ರೋಲ್ ಸುರಿಯದೆ ಹತ್ತು ನಿಮಿಷ ಆರಲು ಬಿಡಬೇಕು, ಸುರಿದ ಜಾಗದಿಂದ ಐದಾರು ಹೆಜ್ಜೆ ದೂರ ಹೋಗಿ ಚಾಲೂ ಮಾಡಬೇಕು. ಕೈಪಿಡಿಯಲ್ಲಿ ಇದೆಲ್ಲ ಇದೆ, ಆದರೆ ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಯಂತ್ರ ಹೊರುವವರು ಓದುವುದು ಕನ್ನಡ.

ಮಾರಾಟದ ನಂತರದ ಸೇವೆ ನಿರಾಶಾದಾಯಕ. ಮೊದಲ ಬೇಸಿಗೆ ಮುಗಿದ ಮೇಲೆ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲು ಮಳೆಗಾಲವಿಡೀ ನಿಂತು ಕಾರ್ಬ್ಯುರೇಟರ್ ಕಟ್ಟಿಕೊಂಡದ್ದು ನಮ್ಮದೇ ತಪ್ಪು. ಎಥನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಈ ತೊಂದರೆ ಇನ್ನೂ ಬೇಗ ಬರುತ್ತದೆ. ಆದರೆ ಜನವರಿಯಲ್ಲಿ ಕೊಟ್ಟ ಯಂತ್ರವನ್ನು 'ನಾಳೆ ಬನ್ನಿ' ಎನ್ನುತ್ತಾ 19 ದಿನ ಇಟ್ಟುಕೊಂಡದ್ದು ಅಂಗಡಿಯ ತಪ್ಪು. ಆ ವರ್ಷ ಬೆಂಕಿರೇಖೆಯನ್ನು ಮತ್ತೆ ಪೊರಕೆಯಲ್ಲೇ ಮಾಡಿದೆವು. ಅಲ್ಲಿಂದೀಚೆಗೆ ಏಪ್ರಿಲ್ ಕೊನೆಗೆ ಟ್ಯಾಂಕು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಅಟ್ಟಕ್ಕೇರಿಸುತ್ತೇವೆ, ಡಿಸೆಂಬರ್ ಮೊದಲ ವಾರ ಇಳಿಸಿ ಚಾಲೂ ಮಾಡಿ ನೋಡುತ್ತೇವೆ.

ಕಾಡಂಚಿನ ತೋಟದವರು ಈ ಯಂತ್ರವನ್ನು ಕೊಳ್ಳಬಹುದು. ಐದು ಎಕರೆಗಿಂತ ಕಡಿಮೆ ಇರುವವರು ಇಬ್ಬರು ಮೂವರು ಸೇರಿ ಒಂದನ್ನು ತರುವುದು ಲೇಸು. ನಮ್ಮ ಪಕ್ಕದ ತೋಟದವರು ಕಳೆದ ಬೇಸಿಗೆಯಲ್ಲಿ ಪೆಟ್ರೋಲು ಹಾಕಿಸಿ ನಮ್ಮದನ್ನೇ ಎರಡು ದಿನ ಒಯ್ದರು. ಎರಡನೆಯ ಬ್ಲೋವರಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಈ ಬಾರಿ ಇನ್ನೊಂದು ಡ್ರಮ್ಮನ್ನೂ 100 ಮೀಟರ್ ಪೈಪನ್ನೂ ತಂದು ಮೇಲ್ಗಡಿಯ ಶೆಡ್ಡಿನಲ್ಲಿ ಇಟ್ಟಿದ್ದೇವೆ.